ಗೂಡು ಕಟ್ಟದ ಹಕ್ಕಿಯ ಲೆಕ್ಕ: ಗಿಲ್ಲೆಮಾಟ್ ಬಂಡೆಯೆದುರು ಒಂದು ಹಂಗಾಮು

ಹಕ್ಕಿಗಳ ಸಂತಾನದ ಲೆಕ್ಕ ಇಡುವವರಿಗೆ ಗೂಡೇ ಆಧಾರ. ಗೂಡು ಎಣಿಸಿದರೆ ಜೋಡಿ ಎಷ್ಟೆಂದು ತಿಳಿಯುತ್ತದೆ, ಇಣುಕಿದರೆ ಮೊಟ್ಟೆ ಎಷ್ಟೆಂದು ತಿಳಿಯುತ್ತದೆ. ಗಿಲ್ಲೆಮಾಟ್ ಎಂಬ ಕಡಲಹಕ್ಕಿ ಈ ಎರಡು ಅನುಕೂಲವನ್ನೂ ಕೊಡುವುದಿಲ್ಲ. ಕಡಲಿಗೆ ಮುಖ ಮಾಡಿದ ಬಂಡೆಗೋಡೆಯಲ್ಲಿ ಹಲಗೆಯಂತೆ ಹೊರಚಾಚಿದ ಜಾಗವೊಂದು ಸಿಕ್ಕರೆ ಸಾಕು. ಕಡ್ಡಿ ತರುವುದಿಲ್ಲ, ಹುಲ್ಲು ಹಾಸುವುದಿಲ್ಲ, ಬರಿಗಲ್ಲಿನ ಮೇಲೆ ಒಂದೇ ಒಂದು ಮೊಟ್ಟೆ ಇಟ್ಟು ಅದರ ಮೇಲೆ ಕೂತುಬಿಡುತ್ತದೆ. ಅದೂ ಪಕ್ಕದ ಹಕ್ಕಿಗೆ ಮೈ ಒತ್ತಿಕೊಂಡು. ಒಂದು ಚದರ ಮೀಟರ್ ಕಲ್ಲಿನ ಮೇಲೆ 20 ಜೋಡಿ ಇರುವುದು ಇವುಗಳಿಗೆ ವಿಶೇಷವಲ್ಲ. ಗಂಡು ಹೆಣ್ಣಿಗೆ ನೋಟದಲ್ಲಿ ವ್ಯತ್ಯಾಸವೂ ಇಲ್ಲ. ಹೀಗಿರುವಾಗ ಯಾವುದು ಜೋಡಿ, ಯಾವುದು ಸುಮ್ಮನೆ ಬಂದು ನಿಂತದ್ದು, ಯಾವುದರ ಹೊಟ್ಟೆಯಡಿ ಮೊಟ್ಟೆ ಇದೆ? ಬ್ರಿಟನ್ನಿನ ಬಂಡೆಗಳ ಎದುರು ಈ ಕೆಲಸ ಮಾಡುತ್ತ ನಾನು ಕಂಡುಕೊಂಡ ದಾರಿ ಒಂದೇ: ಕಲ್ಲಿಗೆ ನಂಬರ್ ಹಾಕಬೇಕು. ಹಕ್ಕಿ ಬರುತ್ತದೆ, ಹೋಗುತ್ತದೆ, ಕಲ್ಲು ಇದ್ದಲ್ಲೇ ಇರುತ್ತದೆ. ಅದೃಷ್ಟಕ್ಕೆ ಈ ಹಕ್ಕಿಯೂ ಹಾಗೇ ಯೋಚಿಸುತ್ತದೆ. ಒಂದು ಜೋಡಿ ವರ್ಷ ವರ್ಷವೂ ಅದೇ ಗೇಣಗಲದ ಜಾಗಕ್ಕೇ ಮರಳುತ್ತದೆ.

ಹಕ್ಕಿಯ ಪರಿಚಯ ಚುಟುಕಾಗಿ. ಶಾಸ್ತ್ರೀಯ ಹೆಸರು ಉರಿಯಾ ಆಲ್ಗೆ, ಅಮೆರಿಕದವರ ಬಾಯಲ್ಲಿ ಕಾಮನ್ ಮರ್. ಉತ್ತರ ಅಟ್ಲಾಂಟಿಕ್, ಉತ್ತರ ಪೆಸಿಫಿಕ್ ಎರಡೂ ಸಾಗರಗಳಲ್ಲಿದೆ. ಸುಮಾರು 40 ಸೆಂಟಿಮೀಟರ್ ಉದ್ದ, ಒಂದು ಕಿಲೋ ಆಸುಪಾಸಿನ ತೂಕ. ಬೆನ್ನು ಕಪ್ಪು-ಕಂದು, ಹೊಟ್ಟೆ ಬಿಳಿ, ಕೊಕ್ಕು ಚೂಪು. ನೆಟ್ಟಗೆ ನಿಂತಾಗ ಪೆಂಗ್ವಿನ್ ನೆನಪಾಗುತ್ತದೆ, ಆದರೆ ನಂಟಿಲ್ಲ. ರೇಜರ್‌ಬಿಲ್ ಮತ್ತು ಪಫಿನ್ ಇದರ ಬಳಗ. ರೆಕ್ಕೆ ಗಿಡ್ಡ, ಯಾಕೆಂದರೆ ಅದೇ ರೆಕ್ಕೆ ನೀರಿನೊಳಗೆ ದೋಣಿಯ ಹುಟ್ಟಿನ ಕೆಲಸ ಮಾಡಬೇಕು. ನೂರು ಮೀಟರಿಗಿಂತ ಆಳಕ್ಕೂ ಮುಳುಗಬಲ್ಲದು. ಇದಕ್ಕೆ ಕೊಡುವ ಬೆಲೆ ಹಾರಾಟದಲ್ಲಿದೆ: ರೆಕ್ಕೆಯ ಅಳತೆಗೆ ಮೈತೂಕ ಹೆಚ್ಚಾಗಿ, ಗಾಳಿಯಲ್ಲಿ ಉಳಿಯಲು ಎಡೆಬಿಡದೆ ಬಡಿಯುತ್ತಿರಬೇಕು. ಸಮತಟ್ಟು ನೆಲದಿಂದ ಎದ್ದು ಹಾರಲು ಒದ್ದಾಡುತ್ತದೆ. ಅಂಚಿನಿಂದ ಕೆಳಗೆ ಧುಮುಕಿದರೆ ವೇಗ ತಾನಾಗಿ ಸಿಗುತ್ತದೆ. ನರಿ, ಇಲಿ ಹತ್ತಲಾರದ ಜಾಗ ಎಂಬುದು ಬಂಡೆಯ ಒಂದು ಲಾಭವಾದರೆ, ಹಾರಲು ಬೇಕಾದ ಈ ಧುಮುಕು ಇನ್ನೊಂದು.

ಒಂದೇ ಗೋಡೆಯಲ್ಲಿ ನಾಲ್ಕೈದು ಜಾತಿ ಇದ್ದರೂ ಎಲ್ಲಕ್ಕೂ ಒಂದೇ ಜಾಗ ಬೇಕಿಲ್ಲ. ಕಿಟ್ಟಿವೇಕ್ ಅಂಗೈಯಷ್ಟು ಮೂಗುಗಲ್ಲಿಗೂ ಕೆಸರು, ಹುಲ್ಲು, ಕಡಲಪಾಚಿ ಮೆತ್ತಿ ಗೂಡು ಕಟ್ಟುತ್ತದೆ. ರೇಜರ್‌ಬಿಲ್ ಸಂದಿ ಹುಡುಕುತ್ತದೆ. ಫಲ್ಮಾರ್ ಮೇಲಿನ ಹುಲ್ಲಿರುವ ತಟ್ಟುಗಳಲ್ಲಿ ಕೂರುತ್ತದೆ. ಗಿಲ್ಲೆಮಾಟ್‌ಗೆ ಬೇಕಾದ್ದು ಹೆಚ್ಚು ಇಳಿಜಾರಿಲ್ಲದ, ಹಿಂಭಾಗದಲ್ಲಿ ಗೋಡೆಯಿರುವ ಉದ್ದನೆಯ ಚಾಚು. ಕಂಬದಂತೆ ಸಮುದ್ರದಲ್ಲಿ ಒಂಟಿಯಾಗಿ ನಿಂತ ಬಂಡೆಯ ಚಪ್ಪಟೆ ನೆತ್ತಿಯಾದರೂ ಸರಿ. ಎರಡು ಕಡೆ ಕಲ್ಲು ತಾಗುವ, ಸುತ್ತ ನೆರೆಹೊರೆ ಕಿಕ್ಕಿರಿದ ಜಾಗಗಳಲ್ಲಿ ಮರಿ ಉಳಿಯುವ ಸಂಭವ ಹೆಚ್ಚು. ಹೆರಿಂಗ್ ಗಲ್ಲು ಎಂಬ ದೊಡ್ಡ ಕಡಲಹಕ್ಕಿ ಮೊಟ್ಟೆ ಕದಿಯಲು ಬಂದರೆ ಎದುರಿಗೆ ಹತ್ತಾರು ಚೂಪು ಕೊಕ್ಕುಗಳು ಒಟ್ಟಿಗೆ ನಿಲ್ಲುತ್ತವೆ. ಅಂಚಿನ ಒಂಟಿ ಜೋಡಿಗೆ ಈ ರಕ್ಷಣೆಯಿಲ್ಲ. ಇದು ಎಣಿಸುವವನಿಗೂ ಮುಖ್ಯ: ಅಂಚಿನ ಹಕ್ಕಿಗಳು ಸುಲಭವಾಗಿ ಕಾಣುತ್ತವೆಂದು ಅವನ್ನೇ ಆರಿಸಿಕೊಂಡರೆ ಫಲಿತಾಂಶ ನಿಜಕ್ಕಿಂತ ಕೆಟ್ಟದಾಗಿ ಬರುತ್ತದೆ.

ಹಾಗಾಗಿ ಪ್ಲಾಟ್, ಅಂದರೆ ಹಂಗಾಮಿಡೀ ಎಣಿಸಲು ಆರಿಸಿಕೊಳ್ಳುವ ಗೋಡೆಯ ತುಂಡಿನ ಆಯ್ಕೆಯಲ್ಲಿ ಅವಸರ ಬೇಡ. ನಾನು ನೋಡುವುದು ಮೂರು ಸಂಗತಿ. ಬಂಡೆ ಒಳಸರಿದು ಕಂದಕವಾದ ಕಡೆ, ಒಂದು ದಂಡೆಯಲ್ಲಿ ಕೂತು ಎದುರಿನ ಗೋಡೆ ನೋಡುವಂತಿರಬೇಕು. ದೂರ 30ರಿಂದ 100 ಮೀಟರ್. ನನ್ನ ಕಣ್ಣು ಚಾಚಿಗಿಂತ ತುಸು ಮೇಲಿರಬೇಕು: ಕೆಳಗಿನಿಂದ ನೋಡಿದರೆ ಮುಂದಿನ ಸಾಲು ಮಾತ್ರ ಕಾಣುತ್ತದೆ, ತೀರಾ ಮೇಲಿನಿಂದ ನೋಡಿದರೆ ಬರೀ ಬೆನ್ನು ಕಾಣುತ್ತದೆ. ಇನ್ನೊಂದು, ಬೆಳಕು. ಎದುರಿನ ಗೋಡೆಯ ಹಿಂದಿನಿಂದ ಬೆಳಗಿನ ಸೂರ್ಯ ಬಂದರೆ ಇಡೀ ಬೆಳಗ್ಗೆ ಕಪ್ಪು ಆಕೃತಿಗಳೇ ಗತಿ. ಒಂದು ಪ್ಲಾಟಿನಲ್ಲಿ 50ರಿಂದ 100 ಜಾಗ ಇದ್ದರೆ ಒಬ್ಬರಿಗೆ ಸಾಕು. ಇಡೀ ನೆಲೆಯ ಬಗ್ಗೆ ಹೇಳಬೇಕಿದ್ದರೆ ಒಂದೇ ದೊಡ್ಡ ಪ್ಲಾಟಿಗಿಂತ ಬೇರೆ ಬೇರೆ ಕಡೆಯ ನಾಲ್ಕೈದು ಚಿಕ್ಕ ಪ್ಲಾಟ್ ಮೇಲು.

ಪ್ಲಾಟ್ ಗೊತ್ತಾದ ಮೇಲೆ ಟ್ರೈಪಾಡ್ ಇಡುವ ಜಾಗವನ್ನು ಒಂದೇ ಬಿಂದುವಿಗೆ ಕಟ್ಟಿಹಾಕಬೇಕು. ಒಂದು ಮೀಟರ್ ಆಚೀಚೆಯಾದರೂ ಹಿಂದಿನ ಸಾಲಿನ ಹಕ್ಕಿ ಮುಂದಿನದರ ಮರೆಗೆ ಹೋಗುತ್ತದೆ, 34ನೇ ಜಾಗ 35 ಆಗಿಬಿಡುತ್ತದೆ. ನೆಲಕ್ಕೊಂದು ಮರದ ಗೂಟ ಹೊಡೆದು ಮಧ್ಯದ ಕಾಲನ್ನು ಅದಕ್ಕೆ ತಾಗಿಸಿ ಇಡುತ್ತೇನೆ. ಸ್ಕೋಪ್, ಅಂದರೆ ಟ್ರೈಪಾಡ್ ಮೇಲಿಡುವ ಒಂಟಿಕಣ್ಣಿನ ದುರ್ಬೀನು, 20ರಿಂದ 60 ಪಟ್ಟಿನದು ಸಾಮಾನ್ಯ, ಆದರೆ 60ಕ್ಕೆ ತಿರುಗಿಸುವ ಆಸೆ ಬಿಡಬೇಕು. ಬಿಸಿಲು ಏರಿದಂತೆ ಕಲ್ಲಿನಿಂದೇಳುವ ಬಿಸಿಗಾಳಿ ಚಿತ್ರವನ್ನು ಕದಡುತ್ತದೆ, ಆಗ 25–30 ಪಟ್ಟಿನಲ್ಲಿ ಕಾಣುವಷ್ಟು 60ರಲ್ಲಿ ಕಾಣುವುದಿಲ್ಲ. ಗಾಳಿಯಿದ್ದರೆ ಟ್ರೈಪಾಡ್ ಕಾಲು ಗಿಡ್ಡ ಮಾಡಿ ನೆಲಕ್ಕೆ ಕೂತು, ಬ್ಯಾಗನ್ನು ನಡುವಿಗೆ ನೇತುಹಾಕುವುದು.

ಇನ್ನು ಫೋಟೊ. ಇಡೀ ಕೆಲಸದ ಬೆನ್ನೆಲುಬು ಇದೇ. ಅದೇ ಗೂಟದ ಬಳಿಯಿಂದ 300–400 ಮಿಲಿಮೀಟರ್ ಲೆನ್ಸಿನಲ್ಲಿ ಚಾಚನ್ನು ತುಂಡುತುಂಡಾಗಿ ತೆಗೆದು, ಎ3 ಅಳತೆಯಲ್ಲಿ ಪ್ರಿಂಟ್ ಹಾಕಿಸಿ, ಮೇಲೊಂದು ಪಾರದರ್ಶಕ ಹಾಳೆ ಅಂಟಿಸಿ, ಹಾಳೆಯ ಮೇಲೆ ಅಳಿಯದ ಮಾರ್ಕರ್‌ನಲ್ಲಿ ಚುಕ್ಕೆ ಮತ್ತು ನಂಬರ್ ಹಾಕುತ್ತೇನೆ. ಕಲ್ಲಿನ ಬಿರುಕು, ಮೂಲೆ, ಕಿತ್ತಳೆ ಬಣ್ಣದ ಕಲ್ಲುಹೂವಿನ ತೇಪೆ, ಇವೇ ಗುರುತುಗಳು. ಹೊಸಬರು ತಪ್ಪದೆ ಮಾಡುವ ಎಡವಟ್ಟೆಂದರೆ ಬಿಳಿ ಹಿಕ್ಕೆಯ ಪಟ್ಟೆಗಳನ್ನು ಗುರುತಾಗಿ ಹಿಡಿಯುವುದು. ಒಂದು ಜೋರು ಮಳೆ ಬಂದರೆ ಗೋಡೆಯ ಚಹರೆಯೇ ಬದಲು. ಆಮೇಲೆ ಆ ಹಾಳೆಯಲ್ಲಿರುವ ಚುಕ್ಕೆಗಳಿಗೆ ಅರ್ಥವೇ ಇರುವುದಿಲ್ಲ.

ಬ್ರಿಟನ್ನಿನಲ್ಲಿ ಗಿಲ್ಲೆಮಾಟ್‌ಗಳು ಅಕ್ಟೋಬರಿನಿಂದಲೇ ಆಗಾಗ ಚಾಚುಗಳಿಗೆ ಬಂದು ಹೋಗುತ್ತವೆ. ಏಪ್ರಿಲ್ ತನಕ ಒಂದು ದಿನ ಚಾಚು ತುಂಬಿ ತುಳುಕುತ್ತದೆ, ಮರುದಿನ ಒಂದು ಹಕ್ಕಿಯೂ ಇರುವುದಿಲ್ಲ. ಈ ಆಟ ನೋಡಿ ಗಾಬರಿಯಾಗಬೇಕಿಲ್ಲ, ಆಗಿನ ಎಣಿಕೆಗೆ ಬೆಲೆಯೂ ಇಲ್ಲ. ಏಪ್ರಿಲ್ ಕೊನೆಯಿಂದ ಮೇ ನಡುಭಾಗದೊಳಗೆ ಹೆಚ್ಚಿನ ಮೊಟ್ಟೆಗಳು ಬೀಳುತ್ತವೆ. ಮೊದಲ ಮೊಟ್ಟೆಗಿಂತ ಒಂದು ವಾರ ಮೊದಲೇ ಭೇಟಿ ಶುರು ಮಾಡಿ, ಆಮೇಲೆ ಆದರೆ ದಿನವೂ, ಆಗದಿದ್ದರೆ ದಿನ ಬಿಟ್ಟು ದಿನ ಹೋಗಬೇಕು. ಮೂರು ದಿನ ತಪ್ಪಿದರೆ ಇಟ್ಟು ಕಳೆದುಕೊಂಡ ಮೊಟ್ಟೆಗಳು ಲೆಕ್ಕಕ್ಕೇ ಸಿಗುವುದಿಲ್ಲ, ಯಶಸ್ಸಿನ ಪ್ರಮಾಣ ಸುಳ್ಳೇ ಏರುತ್ತದೆ.

ಮೊಟ್ಟೆ ಕಾಣುವುದೇ ದೊಡ್ಡ ಕೆಲಸ. ಹಕ್ಕಿ ಮೊಟ್ಟೆಯನ್ನು ಜಾಲಪಾದದ ಮೇಲಿರಿಸಿಕೊಂಡು ಹೊಟ್ಟೆಯ ಬೋಳು ಚರ್ಮಕ್ಕೆ ಒತ್ತಿ ಹಿಡಿಯುತ್ತದೆ, ಹೊರಗಿನಿಂದ ಏನೂ ತೋರುವುದಿಲ್ಲ. ತೋರುವುದು ಭಂಗಿ: ಬೆನ್ನು ಗೂನಾಗಿ, ರೆಕ್ಕೆ ತುಸು ಜೋತು, ಬಾಲ ಕಲ್ಲಿಗೆ ಒತ್ತಿ, ಮುಖ ಬಹುಪಾಲು ಗೋಡೆಯ ಕಡೆಗೆ. ಆದರೆ ಭಂಗಿಯನ್ನು ಮಾತ್ರ ನಂಬಿ ಟಿಕ್ ಹಾಕಬಾರದು. ಮೊಟ್ಟೆ ಕಳೆದುಕೊಂಡ ಹಕ್ಕಿ ಮರುದಿನವೂ ಹಾಗೇ ಕೂತಿರುತ್ತದೆ. ಇನ್ನೂ ಸಂತಾನಕ್ಕೆ ಬಾರದ ಹರೆಯದ ಹಕ್ಕಿ ಕಾಲಡಿ ಬೆಣಚುಕಲ್ಲು ಇಟ್ಟುಕೊಂಡು ಕೂತದ್ದೂ ಉಂಟು. ಮೊದಲ ಮೊಟ್ಟೆಗೆ ಇವು ಸಾಮಾನ್ಯವಾಗಿ ಆರೇಳು ವರ್ಷ ಕಾಯುತ್ತವೆ, ಅಷ್ಟರೊಳಗೆ ಇಂಥ ರಿಹರ್ಸಲ್‌ಗಳು ಬಹಳ.

ಮೊಟ್ಟೆಯನ್ನು ಕಣ್ಣಾರೆ ಕಾಣಲು ಒಳ್ಳೆಯ ಸಮಯ ಪಾಳಿ ಬದಲಾಗುವ ಹೊತ್ತು. ಗಂಡು ಹೆಣ್ಣು ಸರದಿಯಲ್ಲಿ ಕಾವು ಕೂರುತ್ತವೆ. ಕಡಲಿನಿಂದ ಬಂದದ್ದು ಜನಜಂಗುಳಿಯಲ್ಲಿ ಮೈ ಸಣ್ಣ ಮಾಡಿಕೊಂಡು ನುಸುಳಿ, ಕೂತದ್ದರ ಕತ್ತಿನ ಗರಿಗಳನ್ನು ಕೊಕ್ಕಿನಿಂದ ಹೆಕ್ಕತೊಡಗುತ್ತದೆ. ಇದು ನಿಮಿಷಗಟ್ಟಲೆ ನಡೆಯಬಹುದು. ಕೂತದ್ದು ಏಳಲು ಮನಸ್ಸಿಲ್ಲದಂತೆ ಒಮ್ಮೆ ಮೈ ಕೊಡವುತ್ತದೆ, ಮುಂದಕ್ಕೆ ಬಾಗಿ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಆಗ ಎರಡು ಜೊತೆ ಕಪ್ಪು ಕಾಲುಗಳ ನಡುವೆ ನೀಲಿ-ಹಸಿರು ಹೊಳೆಯುತ್ತದೆ, ಮೇಲೆ ಯಾರೋ ಶಾಯಿಯಲ್ಲಿ ಗೀಚಿದಂಥ ಕಪ್ಪು ಗೆರೆಗಳು. ಬಂದ ಹಕ್ಕಿ ಕೊಕ್ಕಿನಿಂದ ಅದನ್ನು ತನ್ನೆಡೆಗೆ ಎಳೆದುಕೊಳ್ಳುವ ಎರಡು ಮೂರು ಸೆಕೆಂಡೇ ನಮಗಿರುವ ಅವಕಾಶ. ನಂಬರ್ ಹುಡುಕಲು ಹಾಳೆಗೆ ಕಣ್ಣು ಹಾಯಿಸಿದರೆ ಹೋಯಿತು. ಅದಕ್ಕೇ ಬದಲಾವಣೆಯ ಸೂಚನೆ ಕಂಡಾಗಲೇ ಆ ಜಾಗದ ನಂಬರನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಸ್ಕೋಪಿನಿಂದ ಕಣ್ಣು ತೆಗೆಯದೆ ಕಾಯುವ ಅಭ್ಯಾಸ ಮಾಡಿಕೊಂಡಿದ್ದೇನೆ.

ಮೊಟ್ಟೆಯ ಬಣ್ಣವನ್ನೂ ಬರೆದಿಡುವುದು ದಂಡವಲ್ಲ. ಬಿಳಿ, ನೀಲಿ, ಹಸಿರು, ಕಂದು, ಗೆರೆಯಿರುವುದು, ಚುಕ್ಕೆಯದು, ಏನೂ ಇಲ್ಲದ್ದು, ಹೀಗೆ ಒಂದರಂತೆ ಒಂದಿಲ್ಲ. ಗಿಜಿಗುಡುವ ಜಾಗದಲ್ಲಿ ತನ್ನದನ್ನು ತಾನು ಗುರುತಿಸಲು ಹಕ್ಕಿಗೆ ಇದು ಬೇಕು. ಒಂದು ಹೆಣ್ಣು ಜೀವಮಾನವಿಡೀ ಹೆಚ್ಚುಕಡಿಮೆ ಒಂದೇ ಬಗೆಯ ಮೊಟ್ಟೆ ಇಡುತ್ತದೆ. ಯಾರ್ಕ್‌ಷೈರ್‌ನ ಬೆಂಪ್ಟನ್ ಬಂಡೆಗಳಲ್ಲಿ 1954ರ ಕಾನೂನು ಬರುವ ತನಕ ಹಗ್ಗ ಕಟ್ಟಿ ಇಳಿದು ಮೊಟ್ಟೆ ಕೀಳುತ್ತಿದ್ದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ನಮಗೆ ಇದರ ಉಪಯೋಗ ಬೇರೆ: 52ನೇ ಜಾಗದಲ್ಲಿ ಹೋದ ವರ್ಷ ಅಚ್ಚ ನೀಲಿ ಇದ್ದು ಈ ವರ್ಷ ಕಂದು ಚುಕ್ಕೆ ಕಂಡರೆ ಅಲ್ಲಿ ಹೆಣ್ಣು ಬದಲಾಗಿದೆ. ಹಕ್ಕಿಗೆ ಕೈ ಹಾಕದೆ, ಉಂಗುರ ತೊಡಿಸದೆ ಸಿಗುವ ಮಾಹಿತಿ ಇದು.

ಮೊಟ್ಟೆಯ ಆಕಾರದ ಬಗ್ಗೆ ಒಂದು ಮಾತು. ಒಂದು ತುದಿ ಚೂಪಾಗಿರುವುದರಿಂದ ಅದು ವೃತ್ತಾಕಾರದಲ್ಲಿ ಉರುಳಿ ಅಂಚಿನಿಂದ ಬೀಳದೆ ಉಳಿಯುತ್ತದೆ ಎಂದು ಎಲ್ಲೆಡೆ ಓದುತ್ತೇವೆ. ಚಾಚಿನ ಅಗಲ ನೋಡಿದವರಿಗೆ ಇದು ಒಪ್ಪುವ ಮಾತಲ್ಲ, ಅಷ್ಟು ದೊಡ್ಡ ಸುತ್ತು ಹಾಕಲು ಅಲ್ಲಿ ಜಾಗವೇ ಇರುವುದಿಲ್ಲ. ಪಕ್ಷಿವಿಜ್ಞಾನಿ ಟಿಮ್ ಬರ್ಕ್‌ಹೆಡ್ ಮತ್ತು ಜೊತೆಗಾರರ ಪ್ರಯೋಗಗಳು ಬೇರೆ ಕಾರಣ ಮುಂದಿಟ್ಟಿವೆ: ಈ ಆಕಾರದ ಮೊಟ್ಟೆಯ ಉದ್ದನೆಯ ನೇರ ಬದಿ ಕಲ್ಲಿಗೆ ಹೆಚ್ಚು ತಾಗುತ್ತದೆ, ಇಳಿಜಾರಿನಲ್ಲೂ ಅಲುಗದೆ ಕೂರುತ್ತದೆ. ದಪ್ಪ ತುದಿ ಹಿಕ್ಕೆಯ ಕೊಳೆಯಿಂದ ಸ್ವಲ್ಪ ಮೇಲೆಯೇ ಉಳಿಯುತ್ತದೆ ಎಂಬುದೂ ಅವರ ವಾದ. ಹಾಗಿದ್ದೂ ಮೊಟ್ಟೆಗಳು ಬೀಳುತ್ತವೆ, ಮತ್ತು ಬೀಳುವುದು ಹೆಚ್ಚಾಗಿ ಹಕ್ಕಿಗಳು ದಿಢೀರನೆ ಎದ್ದಾಗ.

ನೋಟ್‌ಬುಕ್ಕಿನಲ್ಲಿ ಪ್ರತಿ ಜಾಗಕ್ಕೆ ಒಂದು ಸಾಲು, ಪ್ರತಿ ದಿನಕ್ಕೆ ಒಂದು ಕಂಬ. ನಾನು ಬಳಸುವ ಗುರುತುಗಳು ಐದಾರು ಮಾತ್ರ: ಮೊಟ್ಟೆ ಕಂಡಿತು, ಕಾವಿನ ಭಂಗಿ, ಒಂದು ಹಕ್ಕಿ ನಿಂತಿದೆ, ಎರಡು ಇವೆ, ಜಾಗ ಖಾಲಿ, ನೋಡಲಾಗಲಿಲ್ಲ. ಕೊನೆಯ ಎರಡನ್ನು ಬೆರೆಸಿದರೆ ಇಡೀ ಹಂಗಾಮಿನ ದುಡಿಮೆ ನೀರುಪಾಲು. ಮಂಜು ಕವಿದು ಕೆಳಗಿನ ಚಾಚು ಮುಚ್ಚಿಹೋದ ದಿನ ಅಲ್ಲಿ ಗೀಟು ಎಳೆಯಬೇಕೇ ಹೊರತು ಸೊನ್ನೆ ಹಾಕಬಾರದು. ಪೆನ್ಸಿಲ್ ಬಳಸಿ, ಹನಿ ಬಿದ್ದರೆ ಪೆನ್ನಿನ ಶಾಯಿ ಕದಡುತ್ತದೆ. ಅಂದಂದಿನದನ್ನು ಅಂದೇ ಕಂಪ್ಯೂಟರಿಗೆ ಹಾಕಿದರೆ ತಪ್ಪು ಮರುದಿನವೇ ಗೊತ್ತಾಗುತ್ತದೆ. ನಿನ್ನೆ ಮರಿಯಿದ್ದ ಜಾಗದಲ್ಲಿ ಇವತ್ತು ಮೊಟ್ಟೆ ಬರೆದಿದ್ದರೆ ಪಕ್ಕದ ನಂಬರಿಗೆ ಕಣ್ಣು ಜಾರಿದೆ ಎಂದರ್ಥ, ಅದನ್ನು ಸೆಪ್ಟೆಂಬರಿನಲ್ಲಿ ಸರಿಪಡಿಸಲಾಗುವುದಿಲ್ಲ.

ಎರಡು ಭೇಟಿಗಳ ನಡುವೆ ಮೊಟ್ಟೆ ಬಂದಿದ್ದರೆ ನಡುವಿನ ದಿನವನ್ನು ಹಿಡಿಯುತ್ತೇನೆ. ಕಾವಿನ ಅವಧಿ 32–33 ದಿನ, ಹಾಗಾಗಿ ಮರಿ ಒಡೆದ ದಿನ ಖಚಿತವಾಗಿ ಸಿಕ್ಕರೆ ಹಿಂದಕ್ಕೆ ಎಣಿಸಿ ತಾಳೆ ನೋಡಬಹುದು. ಬೇಗ ಕಳೆದುಹೋದ ಮೊಟ್ಟೆಯ ಬದಲಿಗೆ ಸುಮಾರು ಎರಡು ವಾರದ ಬಳಿಕ ಇನ್ನೊಂದು ಇಡುವುದುಂಟು. ಅದು ಹೊಸ ಜೋಡಿಯಲ್ಲ, ಅದೇ ಜಾಗದ ಎರಡನೇ ಪ್ರಯತ್ನ, ಲೆಕ್ಕದಲ್ಲಿ ಒಂದೇ. ಇದನ್ನು ಮರೆತು ಎರಡೆಂದು ಬರೆದ ಪಟ್ಟಿಗಳಲ್ಲಿ ಜೋಡಿಯ ಸಂಖ್ಯೆ ಉಬ್ಬಿ ಯಶಸ್ಸು ಕುಗ್ಗಿರುತ್ತದೆ.

ಮೊಟ್ಟೆ ಕಳೆದುಹೋಗುವ ಕಾರಣಗಳಲ್ಲಿ ಗಲ್ಲು, ರೇವನ್ ಕಾಗೆಗಳದ್ದು ಕಣ್ಣಿಗೆ ಕಾಣುವ ಪಾಲು. ಕಾಣದ ಪಾಲು ಇನ್ನಷ್ಟಿದೆ. ಮಳೆಗೆ ಚಾಚಿನ ಹಿಕ್ಕೆ ಕೆಸರಾಗಿ ಮೊಟ್ಟೆ ಅದರಲ್ಲಿ ಹೂತುಹೋಗುತ್ತದೆ. ನೆರೆಯವರ ಜಗಳದಲ್ಲಿ ಒದೆ ತಿಂದು ಉರುಳುತ್ತದೆ. ಕೆಳಗಿನ ಚಾಚುಗಳನ್ನು ಬಿರುಗಾಳಿಯ ಅಲೆ ತೊಳೆದುಬಿಡುತ್ತದೆ. ಕಾರಣ ಕಣ್ಣಾರೆ ಕಾಣದಿದ್ದರೆ ನಾನು ಕಾರಣದ ಕಾಲಂ ಖಾಲಿ ಬಿಡುತ್ತೇನೆ. ಗಲ್ಲು ಅಲ್ಲೇ ಕೂತಿತ್ತು ಎಂಬ ಮಾತ್ರಕ್ಕೆ ಅದನ್ನೇ ಕಳ್ಳ ಮಾಡುವುದು ಸರಿಯಲ್ಲ, ಒಡೆದ ಮೊಟ್ಟೆಯ ವಾಸನೆಗೂ ಅದು ಬರುತ್ತದೆ.

ಜೂನ್ ಹೊತ್ತಿಗೆ ಮರಿಗಳು. ಚಿಪ್ಪು ಬಿರಿಯುವ ಮೊದಲೇ ಮರಿ ಒಳಗಿನಿಂದ ಕೂಗುತ್ತದೆ, ತಾಯ್ತಂದೆ ಉತ್ತರ ಕೊಡುತ್ತವೆ. ಪರಸ್ಪರ ದನಿಯ ಪರಿಚಯ ಆಗಲೇ ಆಗಿಹೋಗಿರುತ್ತದೆ, ಸಾವಿರ ಹಕ್ಕಿಗಳ ಗದ್ದಲದಲ್ಲಿ ಮುಂದೆ ಮರಿಯನ್ನು ಉಳಿಸುವುದು ಈ ಪರಿಚಯವೇ. ಮರಿಯಿರುವ ಹಕ್ಕಿಯ ಭಂಗಿ ಮೊಟ್ಟೆಯಿರುವುದಕ್ಕಿಂತ ಬೇರೆ: ಒಂದು ರೆಕ್ಕೆ ಗುಡಾರದಂತೆ ಕೆಳಗೆ ಇಳಿಬಿದ್ದಿರುತ್ತದೆ, ಆ ರೆಕ್ಕೆಯಡಿ ಬೂದು ತುಪ್ಪಳ ಅಲುಗುತ್ತದೆ. ಇಲ್ಲಿ ಎಡವುವುದು ಸುಲಭ. ಮರಿಗಳು ಒಂದೆರಡು ಜಾಗ ದಾಟಿ ಅಲೆಯುತ್ತವೆ, ನೆರೆಯ ಹಕ್ಕಿ ತನ್ನ ಮರಿಯ ಜೊತೆ ಇನ್ನೊಂದಕ್ಕೂ ರೆಕ್ಕೆ ಕೊಡುತ್ತದೆ. ಒಂದೇ ಜಾಗದಲ್ಲಿ ಎರಡು ಮರಿ ಕಂಡರೆ ತಕ್ಷಣ ಸುತ್ತಲಿನ ನಾಲ್ಕು ಜಾಗಗಳಲ್ಲಿ ಯಾವುದು ಬರಿದಾಗಿದೆ ಎಂದು ನೋಡಿ. ಮೀನು ಬಂದಾಗ ಮರಿ ತನ್ನ ಮನೆಗೇ ಓಡುತ್ತದೆ, ಆಗ ಗುಟ್ಟು ರಟ್ಟು.

ಮೀನಿನ ದಾಖಲೆಗೆ ಬೇರೆಯೇ ದಿನ ಮೀಸಲಿಡಬೇಕು. 20–30 ಮರಿಗಳಿರುವ ಒಂದು ತುಂಡನ್ನು ಆರಿಸಿಕೊಂಡು ಬೆಳಕು ಹರಿದಾಗಿನಿಂದ ಕತ್ತಲಾಗುವ ತನಕ ನೋಡುವುದು. ಉತ್ತರದ ಬೇಸಿಗೆಯಲ್ಲಿ ಅದು 17–18 ತಾಸು, ಇಬ್ಬರು ಮೂವರು ಪಾಳಿ ಹಂಚಿಕೊಳ್ಳದೆ ಆಗದು. ಗಿಲ್ಲೆಮಾಟ್ ಪಫಿನ್‌ನಂತೆ ಹತ್ತಾರು ಮೀನನ್ನು ಅಡ್ಡಡ್ಡ ಜೋಡಿಸಿಕೊಂಡು ಬರುವುದಿಲ್ಲ. ಸಲಕ್ಕೆ ಒಂದೇ ಮೀನು, ತಲೆ ಗಂಟಲೊಳಗೆ, ಬಾಲ ಕೊಕ್ಕಿನ ತುದಿಯಿಂದ ಹೊರಗೆ. ಗುರುತಿಸಲು ಸಿಗುವುದು ಆ ಬಾಲವಷ್ಟೇ. ಅಗಲ ಹೊಟ್ಟೆ, ಕವಲು ಬಾಲ, ಬೆಳ್ಳಿ ಹೊಳಪು ಇದ್ದರೆ ಸ್ಪ್ರಾಟ್. ಪೆನ್ಸಿಲಿನಂತೆ ಉದ್ದಕ್ಕೆ ಸಪೂರವಾಗಿದ್ದರೆ ಸ್ಯಾಂಡ್‌ಈಲ್. ಉದ್ದವನ್ನು ಕೊಕ್ಕಿಗೆ ಹೋಲಿಸಿ ಬರೆಯುತ್ತೇವೆ, ಕೊಕ್ಕು ಸುಮಾರು ಐದು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ. ಒಂದು ಮರಿಗೆ ದಿನಕ್ಕೆ ಮೂರರಿಂದ ಐದು ಮೀನು ಬಂದರೆ ಹಂಗಾಮು ಸರಿಯಾಗಿದೆ ಎನ್ನಬಹುದು.

ಮೀನು ಕೈಕೊಟ್ಟಾಗ ಏನಾಗುತ್ತದೆ ಎಂಬುದು ಉತ್ತರ ಸಮುದ್ರದಲ್ಲಿ 2004ರಿಂದ ಮುಂದಿನ ಕೆಲವು ವರ್ಷ ಚೆನ್ನಾಗಿಯೇ ಕಂಡಿತು. ಆಗ ಹೇರಳವಾಗಿದ್ದ ಸ್ನೇಕ್ ಪೈಪ್‌ಫಿಶ್ ಎಂಬ ಎಲುಬುಗೂಡಿನಂಥ ಮೀನನ್ನು ಕಡಲಹಕ್ಕಿಗಳು ಮರಿಗಳಿಗೆ ತಂದು ಹಾಕಿದವು, ಮರಿಗಳಿಗೆ ಅದನ್ನು ನುಂಗಲಾಗಲಿಲ್ಲ. ಸಾಮಾನ್ಯವಾಗಿ ತಾಯ್ತಂದೆಯರಲ್ಲಿ ಒಂದು ಮರಿಯ ಬಳಿ ಇದ್ದೇ ಇರುತ್ತದೆ. ಸ್ಕಾಟ್ಲೆಂಡಿನ ಐಲ್ ಆಫ್ ಮೇ ದ್ವೀಪದಲ್ಲಿ 2007ರಲ್ಲಿ ಎರಡೂ ಬೇಟೆಗೆ ಹೋಗಬೇಕಾಗಿ ಬಂದು, ಒಂಟಿಯಾದ ಮರಿಗಳನ್ನು ನೆರೆಯ ಹಕ್ಕಿಗಳೇ ಕುಕ್ಕಿ, ಅಂಚಿನಿಂದ ತಳ್ಳಿ ಕೊಂದವು. ಹಾಗಾಗಿ ನನ್ನ ಹಾಳೆಯಲ್ಲಿ ಜೂನಿನಿಂದ ಒಂದು ಗುರುತು ಹೆಚ್ಚು: ಮರಿ ಒಂಟಿ. ಅದು ದಿನಕ್ಕೆ ಒಂದೆರಡು ಕಡೆ ಬಂದರೆ ಲೆಕ್ಕಕ್ಕಿಲ್ಲ. ಪ್ಲಾಟಿನ ತುಂಬ ಬರತೊಡಗಿದರೆ ಮೀನಿನ ದಾಖಲೆ ನೋಡುವ ಮೊದಲೇ ಕಡಲಿನ ಸ್ಥಿತಿ ಗೊತ್ತಾದಂತೆ.

ಮರಿ ಚಾಚಿನ ಮೇಲಿರುವುದು ಮೂರು ವಾರ ಮಾತ್ರ. ಆಗ ಅದರ ತೂಕ ಸುಮಾರು ಕಾಲು ಕಿಲೋ, ಹಾರಲು ಬೇಕಾದ ರೆಕ್ಕೆಗರಿ ಇನ್ನೂ ಬಂದಿರುವುದಿಲ್ಲ. ಸಂಜೆ ಬೆಳಕು ಇಳಿಯುವಾಗ ತಂದೆ ಕೆಳಗಿನ ನೀರಿನಿಂದ ಇಲ್ಲವೇ ಪಕ್ಕದಿಂದ ಕರೆಯುತ್ತದೆ, ಮರಿ ಸೀಟಿ ಹೊಡೆದಂತೆ ಕೂಗುತ್ತ ಅಂಚಿಗೆ ಬಂದು ಹಿಂದೆ ಸರಿದು, ಮತ್ತೆ ಬಂದು, ಕೊನೆಗೆ ಹಾರಿಬಿಡುತ್ತದೆ. ಹಗುರ ಮೈ, ದಟ್ಟ ತುಪ್ಪಳ. ಕೆಳಗಿನ ಕಲ್ಲಿಗೆ ಬಡಿದು ಪುಟಿದರೂ ಎದ್ದು ನೀರಿಗಿಳಿಯುವುದನ್ನು ನೋಡಬಹುದು. ಮುಂದಿನ ಎರಡು ತಿಂಗಳಷ್ಟು ಕಾಲ ನಡುಗಡಲಿನಲ್ಲಿ ಸಾಕುವುದು ತಂದೆಯ ಕೆಲಸ. ಆ ಅವಧಿಯಲ್ಲೇ ತಂದೆಯ ರೆಕ್ಕೆಗರಿಯೂ ಒಟ್ಟಿಗೆ ಉದುರಿ ಅದೂ ಹಾರಲಾರದು. ಎಣ್ಣೆ ಸೋರಿಕೆ ಈ ದಿನಗಳಲ್ಲಾದರೆ ಇಬ್ಬರಿಗೂ ತಪ್ಪಿಸಿಕೊಳ್ಳುವ ದಾರಿಯಿಲ್ಲ.

ಜಿಗಿಯುವುದು ಮಬ್ಬಿನಲ್ಲಾದ್ದರಿಂದ ಪ್ರತಿ ಮರಿಯ ಜಿಗಿತವನ್ನು ನೋಡಿ ದಾಖಲಿಸಲು ಆಗದು. ಅದಕ್ಕೇ ಒಂದು ಒಪ್ಪಿತ ನಿಯಮವಿದೆ: ಮರಿಗೆ 15 ದಿನ ತುಂಬಿದ ಮೇಲೆ ಕಾಣೆಯಾದರೆ ಹೊರಟುಹೋಯಿತು ಎಂದು, ಅದಕ್ಕೂ ಮೊದಲು ಕಾಣೆಯಾದರೆ ಸತ್ತಿತು ಎಂದು ಬರೆಯುವುದು. ಒಡೆದ ದಿನ ಗೊತ್ತಿಲ್ಲದಿದ್ದರೆ ಮೈಗರಿ ನೋಡಬೇಕು. ಬೂದು ತುಪ್ಪಳ ಹೋಗಿ ಕಪ್ಪು-ಬಿಳುಪು ಅಚ್ಚುಕಟ್ಟಾಗಿ ಬೇರ್ಪಟ್ಟಿದ್ದರೆ ಮರಿ ದೊಡ್ಡದು. ಮರಿ ಹೋದ ಮೇಲೂ ತಾಯಿ ಒಂದೆರಡು ವಾರ ಆ ಜಾಗ ಕಾಯುತ್ತ ನಿಲ್ಲುವುದುಂಟು, ಅದನ್ನು ನೋಡಿ ಮರಿ ಇನ್ನೂ ಇದೆ ಎಂದುಕೊಳ್ಳಬಾರದು.

ಗಣಿತ ಇಷ್ಟೇ. ಉದಾಹರಣೆಗೆ 86 ಜಾಗಗಳಲ್ಲಿ ಮೊಟ್ಟೆ ಖಚಿತ, 61 ಮರಿ ಹೊರಟವು ಎಂದಿಟ್ಟುಕೊಳ್ಳಿ. ಜೋಡಿಗೆ 0.71 ಮರಿ. 0.6ರಿಂದ 0.8ರ ನಡುವೆ ಬಂದರೆ ಸಾಧಾರಣ ವರ್ಷ. ಒಂದು ವರ್ಷ ಕುಸಿದರೆ ನೆಲೆ ಮುಳುಗುವುದಿಲ್ಲ, ಯಾಕೆಂದರೆ ಇದು ದಶಕಗಟ್ಟಲೆ ಬದುಕುವ ಹಕ್ಕಿ. ಹೊಡೆತ ಬೀಳುವುದು ದೊಡ್ಡ ಹಕ್ಕಿಗಳು ಸತ್ತಾಗ. 2014–16ರ ಕಡಲ ಬಿಸಿಯಲೆಗೆ ಅಲಾಸ್ಕಾದಲ್ಲಿ ಸುಮಾರು 40 ಲಕ್ಷ ಹಕ್ಕಿ, ಅಂದರೆ ಅಲ್ಲಿನ ಅರ್ಧದಷ್ಟು ಹೋದವು. ವೇಲ್ಸ್‌ನ ಸ್ಕೋಮರ್ ದ್ವೀಪದಲ್ಲಿ ಯುದ್ಧಕಾಲದ ಎಣ್ಣೆ ಸೇರಿದಂತೆ ಹಲವು ಪೆಟ್ಟುಗಳ ನಂತರ 1970ರ ದಶಕದ ಆರಂಭಕ್ಕೆ ಉಳಿದದ್ದು ಎರಡು ಸಾವಿರದಷ್ಟು, ಅಲ್ಲಿಂದ ಚೇತರಿಕೆಗೆ ದಶಕಗಳೇ ಬೇಕಾದವು.

ಇಡೀ ನೆಲೆಯ ಎಣಿಕೆಗೆ ಇಷ್ಟೆಲ್ಲ ಸೂಕ್ಷ್ಮ ಸಾಧ್ಯವಿಲ್ಲ. ಅಲ್ಲಿ ಜೋಡಿಯನ್ನು ಬಿಟ್ಟು ಚಾಚಿನ ಮೇಲಿರುವ ತಲೆಗಳನ್ನು ಎಣಿಸುವುದೇ ವಾಡಿಕೆ. ಬ್ರಿಟನ್ನಿನ ಕ್ರಮದಲ್ಲಿ ಜೂನ್ 1ರಿಂದ 21ರೊಳಗೆ, ಬೆಳಗ್ಗೆ 8ರಿಂದ ಸಂಜೆ 4ರೊಳಗೆ, ಜೋರು ಗಾಳಿ, ಮಳೆ, ಮಂಜು ಇಲ್ಲದ ದಿನ. ನೀರಿನ ಮೇಲಿರುವವನ್ನು, ಅಲೆ ತಾಗುವ ಕೆಳಗಲ್ಲುಗಳ ಮೇಲಿರುವವನ್ನು ಸೇರಿಸಬಾರದು. ಆಯ್ದ ಪ್ಲಾಟುಗಳನ್ನು ಬೇರೆ ಬೇರೆ ದಿನ ಐದರಿಂದ ಹತ್ತು ಸಲ ಎಣಿಸಿ ಸರಾಸರಿ ತೆಗೆಯುತ್ತೇನೆ. ಒಂದೇ ದಿನದ ಒಂದೇ ಎಣಿಕೆಯನ್ನು ನಾನು ನಂಬುವುದಿಲ್ಲ. ಮೇಲಿನ ಉದಾಹರಣೆಯ ಪ್ಲಾಟಿನಲ್ಲೇ ಸರಾಸರಿ 126 ಹಕ್ಕಿ ಸಿಕ್ಕಿದ್ದರೆ 86ನ್ನು 126ರಿಂದ ಭಾಗಿಸಿ 0.68. ಇಡೀ ನೆಲೆಯ ತಲೆಯೆಣಿಕೆಯನ್ನು ಇದರಿಂದ ಗುಣಿಸಿದರೆ ಜೋಡಿಗಳ ಅಂದಾಜು ಸಿಗುತ್ತದೆ. ಸಾಮಾನ್ಯವಾಗಿ ಎಲ್ಲೆಡೆ 0.67 ಬಳಸುತ್ತಾರೆ, ಆದರೆ ಸ್ವಂತ ಪ್ಲಾಟಿನಿಂದ ತೆಗೆದ ಅಂಕಿ ಇದ್ದರೆ ಅದೇ ಒಳ್ಳೆಯದು. ಎಣಿಸುವಾಗ ಟ್ಯಾಲಿ ಕೌಂಟರ್ ಒತ್ತುತ್ತ ಬಿರುಕಿನಿಂದ ಬಿರುಕಿಗೆ ಹೋಗಬೇಕು. ಅರ್ಧದಲ್ಲಿ ಹಕ್ಕಿಗಳು ಎದ್ದರೆ ಆ ತುಂಡನ್ನು ಮೊದಲಿನಿಂದ ಎಣಿಸುವುದೇ ಸೈ.

ಹಕ್ಕಿಗಳನ್ನು ಎಬ್ಬಿಸದಿರುವುದು ಎಣಿಕೆಗಿಂತ ದೊಡ್ಡ ಕೌಶಲ. ಆಕಾಶದ ಹಿನ್ನೆಲೆಯಲ್ಲಿ ನಮ್ಮ ಆಕೃತಿ ಏಳಬಾರದು: ಬಗ್ಗಿ ಬಂದು ಕೂತೇ ಟ್ರೈಪಾಡ್ ಬಿಚ್ಚಿ. ಎಚ್ಚರಿಕೆಯ ಗಂಟೆ ಹಕ್ಕಿಗಳೇ ಬಾರಿಸುತ್ತವೆ. ಮೊದಲು ಒಂದೆರಡು ತಲೆಗಳು ಮೇಲೆ ಕೆಳಗೆ ಕುಣಿಯತೊಡಗುತ್ತವೆ, ನಂತರ ಇಡೀ ಸಾಲು ತಲೆಯಾಡಿಸುತ್ತದೆ, ಆಮೇಲೆ ಮೊಟ್ಟೆಯಿಲ್ಲದವು ಅಂಚಿಗೆ ನಡೆದು ಧುಮುಕುತ್ತವೆ. ಮೊದಲ ತಲೆ ಕುಣಿದಾಗಲೇ ಅಲುಗದೆ ಕೂತರೆ ಐದು ನಿಮಿಷದಲ್ಲಿ ತಣ್ಣಗಾಗುತ್ತವೆ. ಡ್ರೋನ್ ಹಾರಿಸುವವರಿಗೆ ಈ ಸೂಚನೆ ಕಾಣುವುದೇ ಇಲ್ಲ. ಮನುಷ್ಯ ಎಂದರೆ ಯಾವಾಗಲೂ ತೊಂದರೆಯೆಂದೂ ಅಲ್ಲ. ಸ್ವೀಡನ್ನಿನ ಸ್ಟೋರಾ ಕಾರ್ಲ್ಸೊ ದ್ವೀಪಕ್ಕೆ 2020ರಲ್ಲಿ ಪ್ರವಾಸಿಗರು ಬರುವುದು ನಿಂತಾಗ ಬಿಳಿಬಾಲದ ಕಡಲಹದ್ದುಗಳ ಓಡಾಟ ಹೆಚ್ಚಿತು, ಅವಕ್ಕೆ ಬೆದರಿ ಗಿಲ್ಲೆಮಾಟ್‌ಗಳು ಮತ್ತೆ ಮತ್ತೆ ಚಾಚು ಬಿಟ್ಟೆದ್ದು ಮರಿಗಳ ಸಂಖ್ಯೆಯೇ ಕುಸಿಯಿತು.

ನಮ್ಮ ಸುರಕ್ಷತೆಗೆ ನಿಯಮ ಕಡಿಮೆ, ವಿನಾಯಿತಿ ಇಲ್ಲ. ಒಬ್ಬರೇ ಹೋಗಬೇಡಿ. ಒದ್ದೆ ಹುಲ್ಲಿನ ಇಳಿಜಾರಿನಲ್ಲಿ ನಿಲ್ಲಬೇಡಿ. ಪಫಿನ್ ಬಿಲಗಳಿರುವ ನೆಲ ಕಾಲಡಿ ಕುಸಿಯುತ್ತದೆ, ಬಿಲದೊಳಗಿನ ಹಕ್ಕಿಗೂ ಅದು ಸಾವು. 2022, 2023ರ ಹಕ್ಕಿಜ್ವರದ ನಂತರ ಸತ್ತ ಹಕ್ಕಿಯನ್ನು ಮುಟ್ಟುವುದಿಲ್ಲ, ಎಣಿಸಿ ವರದಿ ಮಾಡುತ್ತೇವೆ. ಒಂದು ನೆಲೆಯಿಂದ ಇನ್ನೊಂದಕ್ಕೆ ಹೋಗುವಾಗ ಬೂಟು, ಟ್ರೈಪಾಡ್ ಕಾಲು ಎರಡನ್ನೂ ಉಜ್ಜಿ ತೊಳೆದು ಸೋಂಕುನಿವಾರಕ ಹಚ್ಚುತ್ತೇವೆ. ಟ್ರೈಪಾಡ್ ಕಾಲನ್ನು ಎಲ್ಲರೂ ಮರೆಯುತ್ತಾರೆ.

ಜುಲೈ ಕೊನೆಗೆ ಗೋಡೆ ಬರಿದಾಗುತ್ತದೆ. ಆಗ ಸಾಮಾನು ಕಟ್ಟುವ ಮೊದಲು ಆಗಸ್ಟಿನಲ್ಲಿ ಇನ್ನೊಂದು ಸಲ ಅದೇ ಗೂಟದ ಬಳಿ ಹೋಗಿ ಖಾಲಿ ಬಂಡೆಯ ಫೋಟೊ ತೆಗೆಯುತ್ತೇನೆ. ಮಳೆ ಹಿಕ್ಕೆಯನ್ನು ತೊಳೆದಿರುತ್ತದೆ, ಹಕ್ಕಿಗಳ ಮರೆಯಿಲ್ಲ, ಹಂಗಾಮಿನಲ್ಲಿ ಎಂದೂ ಕಾಣದ ಹಿಂದಿನ ಮೂಲೆ, ಬಿರುಕು ಎಲ್ಲ ಸ್ಪಷ್ಟ. ನಂಬರಿನ ಚುಕ್ಕೆಗಳನ್ನು ಈ ಫೋಟೊದ ಮೇಲೆ ಮರುಗುರುತಿಸಿ, ಎರಡನ್ನೂ ಒಟ್ಟಿಗೆ ಇಡಬೇಕು. ಚಳಿಗಾಲದಲ್ಲಿ ಕಲ್ಲು ಕುಸಿದು ಚಾಚಿನ ಒಂದು ತುಂಡು ಹೋಗುವುದು ಅಪರೂಪವಲ್ಲ. ಏಪ್ರಿಲಿನಲ್ಲಿ ಈ ಫೋಟೊ ಪಕ್ಕದಲ್ಲಿದ್ದರೆ ಇಲ್ಲವಾದ ಜಾಗ ಯಾವುದು, ಜಾಗ ಕಳೆದುಕೊಂಡು ಪಕ್ಕಕ್ಕೆ ಸರಿದ ಜೋಡಿ ಯಾವುದು ಎಂದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.